ಮುಟ್ಟದೆ ತೆಗೆದ ಅಳತೆ

"ನನಗೇನಾದ್ರೂ ಹಾಗಾದ್ರೆ ಬೇರೆಯವರ ಕೈಗೆ ಕೊಡಬೇಡ ಕಣೇ. ನೀನೇ ಒರೆಸು. ನೀನೇ ಬಟ್ಟೆ ಬದಲಾಯಿಸು. ಆಯ್ತಾ?" ಎಂದು ಅಮ್ಮ ಕೇಳಿದಾಗ ಅವಳು ಸ್ಟೂಲಿನ ಮೇಲೆ ನಿಂತಿದ್ದಳು. ಸ್ಕೂಲಿನ ಲಂಗದ ಅಂಚನ್ನು ಮಡಿಸಿ ಗುಂಡುಸೂಜಿ ಚುಚ್ಚುತ್ತ ಅಮ್ಮ ಮಂಡಿಯೂರಿ ಅವಳ ಸುತ್ತ ಸರಿಯುತ್ತಿದ್ದಳು. ತುಟಿಗಳ ನಡುವೆ ಸೂಜಿಗಳನ್ನು ಕಚ್ಚಿಕೊಂಡಿದ್ದರಿಂದ ಮಾತು ಬೇರೆ ಯಾರದೋ ಬಾಯಿಂದ ಬಂದಂತೆ ಕೇಳಿಸಿತ್ತು. ಅಜ್ಜಿಯನ್ನು ನೋಡಲು ಆಸ್ಪತ್ರೆಗೆ ಹೋಗಿದ್ದ ಅಮ್ಮ ಆಗಷ್ಟೇ ಹಿಂತಿರುಗಿದ್ದಳು. ಅಲ್ಲಿ ಇಬ್ಬರು ಹೆಂಗಸರು ಅಜ್ಜಿಯನ್ನು ಅತ್ತ ಹೊರಳಿಸಿ ಇತ್ತ ಹೊರಳಿಸಿ ಒರೆಸುತ್ತಿದ್ದರಂತೆ. ಒರೆಸುತ್ತಲೇ, ಹೊಸದಾಗಿ ಕೊಂಡ ಚಪ್ಪಲಿ ಹಿಮ್ಮಡಿ ಕಚ್ಚುವ ವಿಷಯವನ್ನು ಅಜ್ಜಿಯ ಮೈಮೇಲಿಂದ ಆಚೆಗೂ ಈಚೆಗೂ ಮಾತಾಡಿಕೊಳ್ಳುತ್ತಿದ್ದರಂತೆ. "ಟೇಬಲ್ ಒರೆಸಿದ ಹಾಗೆ ಕಣೇ." ಸೂಜಿ ಚುಚ್ಚೀತೆಂಬ ಭಯದಲ್ಲಿ ಅಲುಗಾಡದೆ ಅವಳು ಆಯ್ತಮ್ಮ ಎಂದಿದ್ದಳು. "ಆಯ್ತಮ್ಮ ಅಂದ್ರೆ ಸಾಲದು, ಮಾತು ಕೊಡು." "ಕೊಟ್ಟೆ ಬಿಡು." ಅಮ್ಮ ಕೊನೆಯ ಸೂಜಿ ಚುಚ್ಚಿ, ಅಂಚಿನ ಉದ್ದಕ್ಕೂ ಅಂಗೈ ಆಡಿಸಿ, ಇಳಿ ಎಂದಿದ್ದಳು. ಊರವರ ಬಟ್ಟೆ ಹೊಲಿದು ಬದುಕಿದವಳು ಅಮ್ಮ, ಆದರೆ ಅಳತೆಯ ವಿಷಯದಲ್ಲಿ ಕಣ್ಣನ್ನು ನಂಬುತ್ತಿರಲಿಲ್ಲ. ಟೇಪು ಹಿಡಿದಾದ ಮೇಲೂ ಒಮ್ಮೆ ಮೈಮುಟ್ಟಿ ನೋಡಲೇಬೇಕು.

ಎಷ್ಟೋ ವರ್ಷಗಳ ಮೇಲೆ, ಒಂದು ಶನಿವಾರ ಮಧ್ಯಾಹ್ನ, ಅವಳು ತಾನೇ ನರ್ಸಾಗಿದ್ದ ಐಸಿಯುವಿನ ಮೂರನೇ ಮಂಚದ ಕಾಲ ಬಳಿ ನಿಂತಿದ್ದಳು. ಎಡಗೈಯಲ್ಲಿ ರಟ್ಟು, ರಟ್ಟಿಗೆ ಸಿಕ್ಕಿಸಿದ ಹಾಳೆ, ಬಲಗೈಯಲ್ಲಿ ಪೆನ್ನು, ಮಂಚದ ಮೇಲೆ ಅಮ್ಮ. ಅಮ್ಮನ ಬಾಯಲ್ಲಿ ಈಗ ಸೂಜಿಗಳ ಬದಲು ವೆಂಟಿಲೇಟರಿನ ಟ್ಯೂಬಿತ್ತು. ಕಿತ್ತುಕೊಳ್ಳದಿರಲೆಂದು ಮಣಿಕಟ್ಟುಗಳಿಗೆ ಮೆತ್ತನೆಯ ಪಟ್ಟಿ ಕಟ್ಟಿದ್ದರು. ನರ್ಸುಗಳ ಕೆಲಸವನ್ನು ಅಳೆಯುವ ವಾರ ಅದು. ರೋಗಿಯನ್ನು ಹೊರಳಿಸಿದರೆ ಇಷ್ಟು ಅಂಕ, ಕಫ ತೆಗೆದರೆ ಇಷ್ಟು, ಒದ್ದೆ ಬಟ್ಟೆ ಬದಲಾಯಿಸಿದರೆ, ಮನೆಯವರಿಗೆ ಸಮಾಧಾನ ಹೇಳಿದರೆ, ಸತ್ತವರನ್ನು ತೊಳೆದು ಕಟ್ಟಿದರೆ ಇಷ್ಟಿಷ್ಟು; ಎಲ್ಲ ಕೂಡಿ ನೂರಾದರೆ ಅದು ಒಬ್ಬ ನರ್ಸಿನ ಒಂದು ಪಾಳಿ. ಆರು ಮಂಚಕ್ಕೆ ಇಬ್ಬರೇ ಇದ್ದರು. ಮೊದಲಿನ ಹಾಗೆ ಮೂವರನ್ನು ಕೊಡಿ ಎಂದರೆ, ಅಂಕ ತೋರಿಸಿ ಎನ್ನುತ್ತಿತ್ತು ಆಫೀಸು. ಹಿಂದೊಮ್ಮೆ ತೋರಿಸಿಯೂ ಆಗಿತ್ತು. ಆಗ ಎಣಿಸಲು ನಿಂತವರು ಐಸಿಯುವಿನ ಮುಖ್ಯ ನರ್ಸು, ಎಲ್ಲರ ಬಾಯಲ್ಲೂ ದೊಡ್ಡಕ್ಕ. ರಟ್ಟನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಅವರು ಇಲ್ಲೊಂದು ದಿಂಬು ಎತ್ತಿಕೊಟ್ಟರು, ಅಲ್ಲೊಂದು ಸೊಂಟಕ್ಕೆ ಕೈಕೊಟ್ಟರು, ಸುಮ್ಮನೆ ನಿಲ್ಲುವುದು ಹೇಗೆಂದು ಆ ಕೈಗಳಿಗೆ ಗೊತ್ತಿರಲಿಲ್ಲ. ಎಲ್ಲ ಕೆಲಸವೂ ಹೊತ್ತಿಗೆ ಸರಿಯಾಗಿ ಮುಗಿದಂತೆ ಲೆಕ್ಕ ಬಂತು. ಜನ ಹೆಚ್ಚಾಗಿದ್ದಾರೆ ಎಂದು ಆಫೀಸಿನವರು ಮೂರನೆಯವಳನ್ನು ಬೇರೆ ವಾರ್ಡಿಗೆ ಕಳಿಸಿದರು. ಅದಾದ ಮೇಲೆ ಒಂದು ಮಧ್ಯಾಹ್ನ, ಇದ್ದ ಇಬ್ಬರೂ ಒಬ್ಬರನ್ನು ಹೊರಳಿಸುತ್ತಿದ್ದಾಗ, ಅವರ ಬೆನ್ನ ಹಿಂದಿನ ಮಂಚದಲ್ಲಿ ಒಬ್ಬ ಗಂಟಲಿನ ಟ್ಯೂಬನ್ನು ತಾನೇ ಕಿತ್ತುಕೊಂಡಿದ್ದ. ಸಂಜೆಯೊಳಗೆ ಆ ಮಂಚ ತೊಳೆದು ಹಾಸಿದ್ದಾಗಿತ್ತು.

"ಈ ಸಲ ಎಣಿಸೋರು ಕೈ ಹಾಕಬಾರದು," ಎಂದಿದ್ದರು ದೊಡ್ಡಕ್ಕ, ಸೋಮವಾರ ಪಾಳಿ ಶುರುವಾಗುವ ಮುಂಚೆ. "ಒಂದು ದಿಂಬನ್ನೂ ಮುಟ್ಟಬಾರದು. ನಮ್ಮ ಕೈಯೇ ನಮ್ಮ ಹೊಟ್ಟೆ ಮೇಲೆ ಹೊಡೆದಿದ್ದು ಕಣೇ. ನೀನು ನಿಂತ್ಕೋ."

"ನಾನಾ? ಅಮ್ಮ ಇಲ್ಲೇ ಇದಾಳಲ್ಲ ದೊಡ್ಡಕ್ಕ."

"ಅದಕ್ಕೇ ಹೇಳ್ತಿರೋದು. ಮೊನ್ನೆ ಅಮ್ಮನ ಕಫ ತೆಗೆಯೋವಾಗ ನಿನ್ನ ಕೈ ನಡುಗ್ತಿತ್ತು. ಈ ವಾರ ಕೈಗೆ ರಜೆ, ಕಣ್ಣಿಗೆ ಡ್ಯೂಟಿ. ಪಾಳಿ ಮುಗಿದ ಮೇಲೂ ಮುಟ್ಟಬೇಡ, ನೀನೊಂದು ಸಲ ಒರೆಸಿದ್ರೆ ಮುಂದಿನವರಿಗೆ ಒಂದು ಕೆಲಸ ಕಮ್ಮಿ ಆಗುತ್ತೆ, ಮತ್ತೆ ಅದೇ ಕಥೆ. ಶನಿವಾರ ಎಣಿಕೆ ಮುಗೀಲಿ. ಆಮೇಲೆ ನಿಮ್ಮಮ್ಮನ್ನ ನೀನೇ ತೊಳಿ, ತಲೆ ಬಾಚು, ಜಡೆ ಹಾಕು, ಯಾರು ಬೇಡ ಅಂತಾರೆ?"

ಅವಳು ತಲೆಯಾಡಿಸಿದ್ದಳು. ತಲೆಯಾಡಿಸುವಾಗ ಎದೆಯೊಳಗೆ ಏನೋ ಹಗುರಾಯಿತು. ಅದೇನೆಂದು ನೋಡಲು ಹೋಗಲಿಲ್ಲ.

ಮೊದಲ ದಿನ ಔಷಧಿ ಹರಿಸುವ ಪಂಪಿನ ಅಲಾರಂ ಕೂಗಿದಾಗ ಅವಳ ಬೆರಳು ತಾನಾಗಿಯೇ ಗುಂಡಿಯ ಮೇಲೆ ಹೋಗಿತ್ತು. "ಕೈ!" ಎಂದು ದೊಡ್ಡಕ್ಕ ಆ ಕಡೆಯ ಟೇಬಲ್ಲಿನಿಂದ ಗದರಿದ್ದರು, ಡಬ್ಬಿಗೆ ಕೈಹಾಕಿದ ಮಗುವನ್ನು ಗದರಿದಂತೆ. ನೋಡಲು ಬಂದಿದ್ದವರೆಲ್ಲ ತಿರುಗಿ ನೋಡಿದ್ದರು. ಎಲ್ಲೂ ಎರಡು ನಿಮಿಷ ನಿಲ್ಲದೆ ಹಾರಾಡುವುದರಿಂದ ಚಿಟ್ಟೆ ಎಂದು ಹೆಸರಾಗಿದ್ದ ಕಿರಿಯ ನರ್ಸು ಆಗಿನ್ನೂ ಅವಳ ಜೊತೆ ತಮಾಷೆ ಮಾಡುತ್ತಿದ್ದಳು. "ಅಕ್ಕಾ, ನೀವು ಹೀಗೆ ನಿಂತ್ರೆ ಪರೀಕ್ಷೆ ಹಾಲಲ್ಲಿ ಕೂತ ಹಾಗಾಗುತ್ತೆ. ಉಚ್ಚೆಗೆ ಹೋಗೋಕೂ ಭಯ. ಅದಕ್ಕೆಷ್ಟು ಅಂಕ?" ಅದಕ್ಕಿಲ್ಲ ಎಂದಿದ್ದಳು ಅವಳು. "ಕೇಳಿಸ್ತಾ ಬ್ರದರ್? ನಾವು ಉಚ್ಚೆ ಹೊಯ್ಯದ ಜಾತಿ ಅಂತೆ." ಇನ್ನೊಬ್ಬ ನರ್ಸು, ಎಲ್ಲರೂ ಬ್ರದರ್ ಎನ್ನುವ ದಪ್ಪ ಕನ್ನಡಕದ ಗಂಡಸು, "ಹಲ್ಲು ಕಿಸಿಯೋದಕ್ಕೂ ಅಂಕ ಇಲ್ಲ, ಆ ಕಾಲು ಹಿಡ್ಕೋ," ಎಂದಿದ್ದ. ಎರಡು ದಿನ ಕಳೆಯುವುದರೊಳಗೆ ಅವರ ಮಾತು ನಿಂತಿತು. ಸಿಟ್ಟಿನಿಂದಲ್ಲ, ಅವಳು ಅಲ್ಲಿರುವುದು ಮರೆತುಹೋಗಿತ್ತು. ಟ್ರಾಲಿಯ ಚಕ್ರ ಅವಳ ಕಾಲ್ಬೆರಳ ಮೇಲೆ ಹಾದಾಗ ಚಿಟ್ಟೆ ತಿರುಗಿ ನೋಡಲಿಲ್ಲ. ಕುರ್ಚಿಗೆ ತಾಗಿದ್ದರೂ ನೋಡುತ್ತಿದ್ದಳು. ಒಂದು ಸಲ ಅಭ್ಯಾಸಬಲದಿಂದ ಅವಳು ಕೈ ತೊಳೆಯುವ ನಲ್ಲಿಯ ಕೆಳಗೆ ಕೈ ಹಿಡಿದಳು. ಕೈ ಕಂಡರೆ ತಾನೇ ನೀರು ಬಿಡುವ ನಲ್ಲಿ ಅದು. ಬಿಡಲಿಲ್ಲ. ಕೈಯನ್ನು ಮೇಲೆ ಮಾಡಿ, ಕೆಳಗೆ ಮಾಡಿ, ಬೆರಳಾಡಿಸಿ ನೋಡಿದಳು. ಹಿಂದಿನಿಂದ ಬ್ರದರ್ ಕೈ ಚಾಚಿದ, ನೀರು ಬಂತು. ಅವನು ತೊಳೆದುಕೊಂಡು ಹೋದ. ಅವಳು ಮತ್ತೆ ಕೈ ಹಿಡಿಯಲಿಲ್ಲ. ಹಿಡಿದು ನೋಡಿಬಿಟ್ಟರೆ, ತಾನು ನಲ್ಲಿಗೂ ಕಾಣುವುದಿಲ್ಲವೇ ಎಂಬುದು ಗೊತ್ತಾಗಿಬಿಡುತ್ತಿತ್ತು. ವರ್ಷಗಟ್ಟಲೆ ಸೋಪಿನ ನೀರಿನಲ್ಲಿ ಬಿರಿದಿದ್ದ ಬೆರಳ ಸಂದಿಗಳು ಈ ವಾರ ಕೂಡಿಕೊಳ್ಳುತ್ತಿದ್ದವು, ಅಂಗೈ ಮೆತ್ತಗಾಗುತ್ತಿತ್ತು. ಬಸ್ಸಿನಲ್ಲಿ ಕಂಬಿ ಹಿಡಿದಾಗ, ಇದು ಯಾರ ಕೈ ಎಂದು ಗಾಬರಿಯಾಗಿ ಬಿಟ್ಟಿದ್ದಳು.

ಅವಳನ್ನು ಕಂಡವರೆಂದರೆ ಪೋಸ್ಟ್‌ಮಾಸ್ತರರು ಒಬ್ಬರೇ. ಅಮ್ಮನ ಪಕ್ಕದ ನಾಲ್ಕನೇ ಮಂಚದಲ್ಲಿದ್ದ ಮುದುಕರು. ನಿವೃತ್ತಿಯಾಗಿ ಎಷ್ಟೋ ಕಾಲವಾಗಿತ್ತು. ಟ್ಯೂಬು ತೆಗೆದು ಮೂರು ದಿನವಾಗಿತ್ತು, ಬೆಳಿಗ್ಗೆ ಸರಿಯಾಗಿದ್ದು ಮಧ್ಯಾಹ್ನದ ಹೊತ್ತಿಗೆ ತುಸು ದಾರಿ ತಪ್ಪುತ್ತಿದ್ದರು. ಐಸಿಯುವಿನಲ್ಲಿ ಹಗಲು ರಾತ್ರಿ ಒಂದೇ ಬೆಳಕಿನಲ್ಲಿ ಮಲಗಿದವರಿಗೆ ಹಾಗಾಗುತ್ತದೆ, ಅವಳಿಗೆ ಗೊತ್ತಿದ್ದದ್ದೇ. ಬುಧವಾರ ಅವರು ಬೆರಳಿನಿಂದ ಅವಳನ್ನು ಹತ್ತಿರ ಕರೆದರು.

"ಸಿಸ್ಟರ್, ನಿಮ್ಮ ಜೊತೆಯವರು ಯಾಕೆ ಏನೂ ಬರೆಯಲ್ಲ?"

"ನನ್ನ ಜೊತೆ ಯಾರೂ ಇಲ್ಲ ಮಾಸ್ತರ್ರೇ."

"ಇದಾರಲ್ರೀ, ನಿಮ್ಮ ಎಡಗಡೆ. ಕುತ್ತಿಗೆಗೆ ಉದ್ದಕ್ಕೆ ಏನೋ ಹಾಕ್ಕೊಂಡಿದಾರೆ."

"ಡಾಕ್ಟರ್ ಇರಬೇಕು. ಸ್ಟೆತೋಸ್ಕೋಪು."

"ನನ್ನ ತಲೆ ಕೆಟ್ಟಿರಬಹುದು, ಕಣ್ಣು ಕೆಟ್ಟಿಲ್ಲ. ಸ್ಟೆತೋಸ್ಕೋಪು ಗೊತ್ತಾಗಲ್ವಾ ನನಗೆ? ಇದು ಚಪ್ಪಟೆ." ಅವರು ತಮ್ಮ ಜಾಣತನಕ್ಕೆ ತಾವೇ ನಕ್ಕು, ಕೆಮ್ಮಿ, ಸ್ವರ ತಗ್ಗಿಸಿದರು. "ನೀವು ದೂರ ನಿಂತು ಬರೀತೀರಿ. ಆಕೆ ಮುಟ್ಟಿ ನೋಡ್ತಾರೆ. ಮೊದಲು ತೋಳು, ಆಮೇಲೆ ಭುಜ, ಆಮೇಲೆ ಕುತ್ತಿಗೆಯಿಂದ ಕಾಲಿನ ತನಕ."

"ಯಾರನ್ನ?"

"ಒಬ್ಬೊಬ್ಬರನ್ನೇ. ಅವಸರ ಇಲ್ಲ ಅವರಿಗೆ."

ಅವಳು ಎಡಕ್ಕೆ ತಿರುಗಲಿಲ್ಲ. ತಿರುಗದೆಯೇ ಎಡಗಡೆಯ ತೋಳಿನ ರೋಮಗಳು ಎದ್ದುದು ತಿಳಿಯಿತು. ಅಮ್ಮ ಕಣ್ಣು ಬಿಟ್ಟಿದ್ದಳು. ಮಂಪರಿನ ಔಷಧಿಯ ನಡುವೆ ಆಗಾಗ ಹಾಗೆ ಬಿಡುತ್ತಿದ್ದಳು. ಆ ಕಣ್ಣು ಅವಳ ಮುಖದ ಮೇಲೆ ಬಂದು, ನಿಲ್ಲದೆ, ಅಂಗಡಿಯ ಬೋರ್ಡು ಓದಿ ಮುಂದೆ ಹೋದಂತೆ ಹೋಗಿ, ಅವಳ ಹೆಗಲಿನ ಪಕ್ಕದ ಖಾಲಿ ಜಾಗದಲ್ಲಿ ನಿಂತಿತು. ಗುರುತು ಸಿಕ್ಕವರನ್ನು ನೋಡುವ ನೋಟ ಅದು. ಅಮ್ಮ ಎನ್ನಬೇಕೆನಿಸಿತು. ಮಾತಾಡಿಸುವುದೂ ಕೆಲಸವೇ, ಅದಕ್ಕೂ ಹಾಳೆಯಲ್ಲಿ ಜಾಗವಿತ್ತು, ಅದು ನರ್ಸಿನದು. ಅವಳು ಹಾಳೆಯಲ್ಲಿ ಮುಂದಿನ ಗೆರೆ ಎಳೆದಳು.

ಮನೆಗೆ ಹೋದರೆ ಮಗಳು ಬಾಗಿಲಲ್ಲೇ ಹಿಡಿದುಕೊಳ್ಳುತ್ತಿದ್ದಳು. "ಅಮ್ಮಾ, ನನ್ನ ಲಂಗದಲ್ಲಿ ಇನ್ನೂ ಸೂಜಿ ಇದೆ." ಕಾಯಿಲೆ ಬೀಳುವ ಮುಂಚೆ ಅಮ್ಮ ಅರ್ಧ ಅಂಚು ಹೊಲಿದು ಇನ್ನರ್ಧಕ್ಕೆ ಗುಂಡುಸೂಜಿ ಚುಚ್ಚಿ ಇಟ್ಟಿದ್ದ ಲಂಗ ಹೊಲಿಗೆ ಮೆಷಿನ್ನಿನ ಮೇಲೆ ಹಾಗೇ ಮಲಗಿತ್ತು. ತೆಗೀಬೇಡ, ಅಜ್ಜಿ ಬಂದು ಹೊಲೀತಾರೆ. "ಯಾವಾಗ?" ಬೇಗ. "ನೀನು ಅಜ್ಜೀನ ಮುಟ್ಟಿದ್ಯಾ ಇವತ್ತು?" ಹೂಂ. "ಬಿಸಿ ಇದ್ರಾ, ತಣ್ಣಗಿದ್ರಾ?" ಮಾನಿಟರಿನಲ್ಲಿ ನೋಡಿದ ಜ್ವರದ ಅಂಕಿಯನ್ನು ಅವಳು ಹೇಳಿದಳು. ಮಗಳು ಹುಬ್ಬು ಗಂಟಿಕ್ಕಿ, "ಅಷ್ಟು ಅಂದ್ರೆ ಬಿಸೀನಾ?" ಎಂದಳು. ಅವಳು ಬಾಚಣಿಗೆ ತೆಗೆದುಕೊಂಡಳು. ಮಗಳ ಜಡೆ ಬಿಚ್ಚಿ ಬಾಚುತ್ತ ಕೂತಾಗ, ಎಲ್ಲೋ ಒಂದು ಕೈ ಅದೇ ಹೊತ್ತಿಗೆ ಅಮ್ಮನ ತಲೆಯನ್ನು ದಿಂಬಿನ ಮೇಲೆ ಸರಿಮಾಡುತ್ತಿರಬೇಕು, ಆ ಕೈಗೆ ಇಷ್ಟು ಅಂಕ ಎಂದು ತನ್ನೊಳಗೆ ಯಾರೋ ಬರೆದುಕೊಳ್ಳುತ್ತಿದ್ದುದು ಕೇಳಿಸಿತು. ಬಾಚುವುದನ್ನು ನಿಲ್ಲಿಸಿ ತನ್ನ ಬೆರಳುಗಳನ್ನೇ ನೋಡಿದಳು. "ಅಮ್ಮಾ, ನಿಲ್ಲಿಸಿದ್ಯಾಕೆ?" ಎಂದಳು ಮಗಳು. "ನೀನು ಇತ್ತೀಚೆಗೆ ಮಧ್ಯದಲ್ಲೇ ನಿಂತುಬಿಡ್ತೀಯ."

ಶುಕ್ರವಾರ ಪೋಸ್ಟ್‌ಮಾಸ್ತರರು ಅಳುಮೋರೆ ಮಾಡಿಕೊಂಡಿದ್ದರು. "ಇವತ್ತು ನನ್ನ ಹತ್ರ ಬಂದಿದ್ರು. ತೋಳು ಹಿಡಿದು ನೋಡಿದ್ರು. ಕೈ ಎಷ್ಟು ತಣ್ಣಗಿದೆ ಅಂತೀರಿ." ಕೇಳಿದೊಡನೆ ಅವಳಿಗೆ ಸಂತೋಷವಾಯಿತು. ಹಾಗಾದರೆ ಹೋಗುವವರು ಇವರು, ಅಮ್ಮನಲ್ಲ. ಎದುರಿಗೆ ಮಲಗಿದ್ದ ಬಡಕಲು ಮುದುಕರ ಮುಖ, ಸಂಜೆ ಅವರನ್ನು ನೋಡಲು ಬಂದು ಒದ್ದೆ ಕರವಸ್ತ್ರದಿಂದ ತುಟಿ ಒರೆಸುವ ಅವರ ಹೆಂಡತಿ, ಎಲ್ಲವೂ ಕಣ್ಣಮುಂದೆಯೇ ಇದ್ದೂ ಸಂತೋಷ ಹೋಗಲಿಲ್ಲ. "ಏನಾಗಲ್ಲ ಬಿಡಿ," ಎಂದಳು. ಅವರು ಅವಳನ್ನೇ ನೋಡಿದರು. "ನಿಮಗೆ ಖುಷಿಯಾಯ್ತಲ್ಲ," ಎಂದರು, ತಪ್ಪು ಹುಡುಕಿದಂತಲ್ಲ, ವಿಳಾಸ ಓದಿದಂತೆ. ಅವತ್ತು ಪಾಳಿ ಮುಗಿಯುವವರೆಗೆ ಅವಳು ಆ ಮಂಚದ ಕಡೆ ಹೋಗದೆ ದೂರದಿಂದಲೇ ಗೆರೆ ಎಳೆದಳು.

ಶನಿವಾರ ಊಟದ ಹೊತ್ತು ಕಳೆದಿತ್ತು. ಒಂದನೇ ಮಂಚದ ಹೆಂಗಸಿನ ಉಸಿರು ಕೆಟ್ಟಿತು. ಡಾಕ್ಟರೂ ಬ್ರದರೂ ದೊಡ್ಡಕ್ಕನೂ ಅಲ್ಲಿಗೆ ಓಡಿ ಪರದೆ ಎಳೆದುಕೊಂಡರು. ಉಳಿದ ಐದು ಮಂಚಕ್ಕೆ ಚಿಟ್ಟೆ ಒಬ್ಬಳೇ. ಆಗ ಅವಳಿಗೆ ವಾಸನೆ ಬಂತು. ಅಮ್ಮನ ಹಾಸಿಗೆ ಒದ್ದೆಯಾಗಿತ್ತು, ಬರೇ ಒದ್ದೆಯಲ್ಲ. ಅಮ್ಮನ ಬೆರಳುಗಳು ಪಟ್ಟಿ ಕಟ್ಟಿದ ಮಣಿಕಟ್ಟಿನ ಆಚೆ ಹೊದಿಕೆಯ ಅಂಚನ್ನು ಹಿಡಿದು ಚೂರು ಚೂರೇ ಮಡಿಸುತ್ತಿದ್ದವು. ಹೆಬ್ಬೆರಳು, ತೋರುಬೆರಳು, ಒತ್ತು, ಮುಂದಕ್ಕೆ. ಹೋಗುವ ಹೊತ್ತಿನಲ್ಲಿ ಕೆಲವರು ಹೊದಿಕೆ ಚಿವುಟುತ್ತಾರೆಂದು ಅವಳು ಕಿರಿಯರಿಗೆ ಪಾಠ ಹೇಳಿದ್ದಳು, ಆದರೆ ಇದು ಚಿವುಟುವುದಲ್ಲ, ಅಂಚು ಮಡಿಸುವುದು. ನೇರವಾಗಿಯೇ ಮಡಿಸುತ್ತಿದ್ದಳು. ಚಿಟ್ಟೆ ಬಂದು ಹೊದಿಕೆ ಎತ್ತಿ ನೋಡಿ, ಒಬ್ಬಳೇ ಹೊರಳಿಸಲು ಹೋಗಿ, ಟ್ಯೂಬು ಎಳೆದಂತಾಗಿ ಕೈಬಿಟ್ಟಳು.

"ಅಕ್ಕಾ, ಒಂದು ಕೈ ಹಿಡೀರಿ. ಒಬ್ಬಳಿಗೆ ಆಗಲ್ಲ."

ಅವಳು ಗಡಿಯಾರ ನೋಡಿದಳು.

"ಅಕ್ಕಾ, ನಿಮ್ಮಮ್ಮ ಕಣ್ರೀ!"

"ಬ್ರದರ್ ಬರಲಿ. ನಾನು ಹಿಡಿದ್ರೆ ಲೆಕ್ಕ ಸುಳ್ಳಾಗುತ್ತೆ," ಎಂದಳು. ಸ್ವರ ಎಡಗಡೆಯಿಂದ ಬಂದಂತಿತ್ತು. ಇಬ್ಬರು ಬೇಕಾದ ಕೆಲಸ, ಒಬ್ಬರೇ ಇದ್ದಾರೆ, ಕಾಯುತ್ತಿದೆ ಎಂದು ಬರೆದಳು. ಇದು ಇಡೀ ವಾರದಲ್ಲೇ ಸಿಕ್ಕ ಒಳ್ಳೆಯ ಸಾಕ್ಷಿ, ಇದನ್ನು ನೋಡಿದರೆ ಆಫೀಸಿನವರು ಬಾಯಿ ಮುಚ್ಚುತ್ತಾರೆ ಎಂದು ಹೊಳೆಯಿತು. ಐದನೇ ಮಂಚದ ಪಂಪು ಕೂಗಿತು, ಚಿಟ್ಟೆ ಓಡಿದಳು. ಅಮ್ಮನೂ ಅವಳೂ ಇಬ್ಬರೇ ಉಳಿದರು. ಅಮ್ಮ ಕಣ್ಣು ಬಿಟ್ಟು, ಅವಳ ಪಕ್ಕದ ಖಾಲಿ ಜಾಗವನ್ನು ನೋಡಿದಳು, ಆ ಜಾಗ ನಿಧಾನವಾಗಿ ಸರಿಯಿತು. ಕಣ್ಣುಗಳು ಸರಿದ ರೀತಿಯಿಂದ ಅವಳಿಗೆ ಅದು ಗೊತ್ತಾಯಿತು. ಕಾಲ ಬಳಿಯಿಂದ ಮಂಡಿಗೆ, ಮಂಡಿಯಿಂದ ಸೊಂಟಕ್ಕೆ, ಸೊಂಟದಿಂದ ತಲೆಯ ಕಡೆಗೆ, ಸ್ಟೂಲಿನ ಮೇಲೆ ನಿಂತ ಹುಡುಗಿಯ ಸುತ್ತ ಮಂಡಿಯೂರಿ ಸರಿದಷ್ಟೇ ನಿಧಾನವಾಗಿ, ಅಮ್ಮನ ನೋಟ ಯಾರನ್ನೋ ಹಿಂಬಾಲಿಸಿತು. ತಲೆಯ ಬಳಿ ನಿಂತಿತು. ಬೆರಳುಗಳು ಹೊದಿಕೆ ಬಿಟ್ಟವು. ಆಮೇಲೆ ಮಾನಿಟರಿನ ಅಂಕಿಗಳು ಒಂದೊಂದಾಗಿ ಇಳಿಯತೊಡಗಿದವು.

ಅವಳು ಕೂಗಿದಳು, ಅದೊಂದನ್ನು ಮಾಡಿದಳು. ಎಲ್ಲರೂ ಓಡಿಬಂದರು. ಎದೆ ಒತ್ತಿದರು, ಔಷಧಿ ಕೊಟ್ಟರು, ಬೆವರು ಒರೆಸಿಕೊಂಡರು, ಸಾಕು ಎಂದರು ಡಾಕ್ಟರು. ಅಷ್ಟೂ ಹೊತ್ತು ಅವಳ ಪೆನ್ನು ನಿಲ್ಲಲಿಲ್ಲ. ದೊಡ್ಡಕ್ಕ ಕೈಗವಸು ಕಳಚಿ ಬಂದು ಅವಳ ತೋಳು ಹಿಡಿದರು. ಆ ವಾರ ಐಸಿಯುವಿನಲ್ಲಿ ಮೊದಲ ಸಲ ಯಾರೋ ಅವಳನ್ನು ಮುಟ್ಟಿದ್ದು.

"ಬಿಡೇ ಇನ್ನು. ಸಾಕು. ಹಾಳೆ ಮನೆ ಹಾಳಾಗಲಿ. ಹೋಗು, ಅಮ್ಮನ್ನ ನೀನೇ ತೊಳಿ."

"ಪಾಳಿ ಮುಗಿಯೋಕೆ ಇನ್ನೂ ಹೊತ್ತಿದೆ."

"ನಾನು ಹೇಳ್ತಿದೀನಲ್ಲ?"

ಚಿಟ್ಟೆ ಮೂಗು ಒರೆಸಿಕೊಳ್ಳುತ್ತ ಬಂದು ಕೈ ಚಾಚಿದಳು. "ಅಕ್ಕಾ, ಕೊಡಿ ಇಲ್ಲಿ. ಬ್ರದರ್ ಜೊತೆ ನನ್ನ ಬದಲು ನೀವು ನಿಂತ್ಕೊಳ್ಳಿ. ಇಬ್ಬರ ಕೆಲಸ ಇಬ್ಬರೇ ಮಾಡಿದ ಹಾಗಾಯ್ತು, ಲೆಕ್ಕಾನೂ ಸುಳ್ಳಾಗಲ್ಲ. ನಾನು ಬರ್ಕೋತೀನಿ."

ಅದು ಸರಿಯಿತ್ತು. ಎಷ್ಟು ಸರಿಯಿತ್ತೆಂದರೆ, ಒಂದು ತಾಸಿನ ಹಿಂದೆಯೂ, ಸೋಮವಾರವೇ ಕೂಡ, ಹೀಗೆ ಮಾಡಬಹುದಿತ್ತು. ಯಾರಿಗೂ ಹೊಳೆದಿರಲಿಲ್ಲ, ಅವಳಿಗೂ ಹೊಳೆದಿರಲಿಲ್ಲ. ಚಿಟ್ಟೆಯ ಚಾಚಿದ ಕೈ ಹಾಗೇ ಇತ್ತು, ಸೋಪಿನಿಂದ ಬಿರಿದ ಕೆಂಪು ಕೈ. ರಟ್ಟನ್ನು ಕೊಡಬೇಕು, ಎರಡು ಹೆಜ್ಜೆ ಮುಂದೆ ಹೋಗಬೇಕು, ಬಟ್ಟೆ ಅದ್ದಿ ಹಿಂಡಬೇಕು. ಅಮ್ಮನ ತೊಡೆ, ಹೊಟ್ಟೆಯ ಮಡಿಕೆ, ತಾನು ಬಂದ ದಾರಿ, ಅದೆಲ್ಲ ಈಗ ಭಾರವಾಗಿ, ಸಡಿಲವಾಗಿ, ವಾಸನೆಯಾಗಿ ಅವಳಿಗಾಗಿ ಕಾಯುತ್ತಿತ್ತು. ಸಾವಿರ ಮೈ ತೊಳೆದಿದ್ದಳು. ಅವು ಯಾವುವೂ ಅವಳ ಅಳತೆ ತಿಳಿದ ಮೈಗಳಲ್ಲ. ಆಗ ಅವಳು, ಸೋಮವಾರ ಎದೆಯೊಳಗೆ ಹಗುರಾದದ್ದು ಏನೆಂದು ತಿರುಗಿ ನೋಡಿದಳು. ಎಣಿಕೆಗಾಗಿ ಕೈ ಕಟ್ಟಿಕೊಂಡದ್ದಲ್ಲ. ಮುಟ್ಟಬೇಡ ಎಂದು ಯಾರಾದರೂ ಹೇಳಲಿ ಎಂದು ಅವಳು ಕಾದಿದ್ದಳು.

"ನೀವೇ ಮಾಡಿ," ಎಂದಳು.

ದೊಡ್ಡಕ್ಕ ಅವಳ ತೋಳು ಬಿಟ್ಟರು.

ಚಿಟ್ಟೆಯೂ ಬ್ರದರೂ ಬಿಸಿನೀರು ತಂದರು. ಪಟ್ಟಿ ಬಿಚ್ಚಿದರು, ಟ್ಯೂಬು ತೆಗೆದರು, ಅಮ್ಮನನ್ನು ಅತ್ತ ಹೊರಳಿಸಿದರು, ಇತ್ತ ಹೊರಳಿಸಿದರು. ಬೆನ್ನು ಒರೆಸುವ ಹೊತ್ತಿಗೆ, ಇಷ್ಟು ಮೌನ ತಡೆಯಲಾರದೆ ಇರಬೇಕು, "ನಿಮ್ಮ ಮನೆ ಕಡೆ ಬಸ್ಸು ಇವತ್ತೂ ಲೇಟಾ ಬ್ರದರ್?" ಎಂದು ಚಿಟ್ಟೆ ಮೆಲ್ಲಗೆ ಕೇಳಿದಳು. "ದಿನಾ ಲೇಟೇ," ಎಂದ ಅವನು, ಅಮ್ಮನ ಮೈಮೇಲಿಂದ. ಅವಳು ಹೊತ್ತು ನೋಡಿಕೊಂಡು ಬರೆದಳು: ಇಬ್ಬರು. ಪಕ್ಕದ ಮಂಚದಿಂದ ಪೋಸ್ಟ್‌ಮಾಸ್ತರರು ಕತ್ತೆತ್ತಿ ನೋಡುತ್ತಿದ್ದರು. ಮಧ್ಯಾಹ್ನವಾದರೂ ಆ ದಿನ ಅವರು ದಾರಿ ತಪ್ಪಿರಲಿಲ್ಲ, ಮಾತು ನೆಟ್ಟಗಿತ್ತು.

"ಆಕೆ ಹೋದ್ರು ಸಿಸ್ಟರ್," ಎಂದರು. "ನಿಮ್ಮಮ್ಮ, ಆಕೆ, ಇಬ್ಬರೂ ಒಟ್ಟಿಗೇ ಹೋದ್ರು. ನೀವು ಇನ್ನೂ ಇಲ್ಲೇ ಇದ್ದೀರಾ?"

ಆ ವಾರದ ಎಣಿಕೆಯನ್ನು ಆಫೀಸು ಒಪ್ಪಿತು. ಮುಂದಿನ ತಿಂಗಳು ಐಸಿಯುವಿಗೆ ಮೂರನೇ ನರ್ಸು ಬಂದಳು. ಲಂಗದ ಸೂಜಿಗಳನ್ನು ಮಗಳೇ ಒಂದೊಂದಾಗಿ ಕಿತ್ತು ಡಬ್ಬಿಗೆ ಹಾಕಿದಳು, ಅಂಚು ಅರ್ಧ ಇಳಿಬಿದ್ದೇ ಇತ್ತು. ಅಮ್ಮನಿಗೆ ಅವಳು ಮಾತು ಕೊಟ್ಟಿದ್ದಳು. ನಡೆಸಲಿಲ್ಲ.